ಬೆವರಿಗೊಂದು ಯಂತ್ರ, ಕೂದಲಿಗೊಂದು ಯಂತ್ರ

ಸೆಖೆಯೇ ಇಲ್ಲದಿದ್ದರೂ ಕೆಲವರ ಅಂಗೈ ಸದಾ ಒದ್ದೆ. ಬರೆಯುವ ಹಾಳೆ ನೆನೆಯುತ್ತದೆ, ಹಾಜರಿ ಯಂತ್ರ ಬೆರಳಚ್ಚನ್ನು ಗುರುತಿಸುವುದಿಲ್ಲ. ಹಚ್ಚುವ ಔಷಧಿಗೆ ಬಗ್ಗದ ಇಂಥ ಬೆವರಿಗೆ ಚರ್ಮವೈದ್ಯರು ಅಯಾಂಟೊಫೊರೆಸಿಸ್ ಯಂತ್ರವನ್ನು ಸೂಚಿಸುವುದುಂಟು.

ನೀರು ತುಂಬಿದ ಎರಡು ಟ್ರೇ, ಒಂದೊಂದರಲ್ಲೂ ಒಂದು ಲೋಹದ ಫಲಕ. ಎರಡಕ್ಕೂ ಒಂದೊಂದು ಕೈ ಇಟ್ಟರೆ 15–20 ಮಿಲಿಆಂಪಿಯರ್‌ನಷ್ಟು ಡಿಸಿ ಕರೆಂಟು ನೀರಿನ ಮೂಲಕ ಚರ್ಮದೊಳಗೆ ಹಾಯುತ್ತದೆ. ಕೈ ಜುಮುಜುಮು ಎನ್ನುತ್ತದೆ. ಸುಮಾರು 20 ನಿಮಿಷದಂತೆ ವಾರಕ್ಕೆ ಮೂರು ಸಲ ಮಾಡಿದರೆ ಕೆಲವು ವಾರಗಳಲ್ಲಿ ಬೆವರು ತಗ್ಗುತ್ತದೆ. ಗ್ರಂಥಿ ಸಾಯುವುದಿಲ್ಲ, ಕೆಲಸ ನಿಲ್ಲಿಸಿರುತ್ತದೆ ಅಷ್ಟೆ. ಹಾಗಾಗಿ ಆಮೇಲೂ ವಾರಕ್ಕೊಮ್ಮೆಯಾದರೂ ಮುಂದುವರಿಸಬೇಕು.

ಇದಕ್ಕೆ ನಲ್ಲಿ ನೀರೇ ಒಳ್ಳೆಯದು. ಫಿಲ್ಟರಿನ ಆರ್‌ಒ ನೀರಿನಲ್ಲಿ ಲವಣ ಕಡಿಮೆ, ಕರೆಂಟು ಸರಿಯಾಗಿ ಹರಿಯದು. ಅದೇ ಇದ್ದರೆ ಚಿಟಿಕೆ ಅಡುಗೆ ಸೋಡಾ ಬೆರೆಸುತ್ತಾರೆ. ಉಂಗುರ, ಬಳೆ, ಪಾದಕ್ಕಾದರೆ ಕಾಲುಂಗುರ ತೆಗೆದಿಡಬೇಕು. ಗಾಯಕ್ಕೆ ವ್ಯಾಸಲೀನ್ ಸವರಬೇಕು. ನಡುವೆ ಕೈ ಎತ್ತಿದರೆ ಶಾಕ್ ಹೊಡೆದಂತಾಗುತ್ತದೆ. ಪೇಸ್‌ಮೇಕರ್ ಇದ್ದವರು, ಗರ್ಭಿಣಿಯರು, ಮೂರ್ಛೆರೋಗದವರು ಇದನ್ನು ಬಳಸಬಾರದು.

ಕೂದಲಿನ ಬೇರು ಸುಡುವುದಕ್ಕೂ ಇದೇ ಡಿಸಿ ಕರೆಂಟು ಬಳಕೆಗೆ ಬಂದದ್ದು. ಅಮೆರಿಕದ ಸೇಂಟ್ ಲೂಯಿಸ್‌ನ ಕಣ್ಣಿನ ವೈದ್ಯ ಚಾರ್ಲ್ಸ್ ಮಿಷೆಲ್, ಕಣ್ಣಿಗೆ ಚುಚ್ಚುವ ರೆಪ್ಪೆಗೂದಲು ತೆಗೆಯಲು ಮಾಡಿದ ಪ್ರಯೋಗವನ್ನು 1875ರಲ್ಲಿ ಪ್ರಕಟಿಸಿದ. ಕೂದಲಿನ ಬುಡಕ್ಕೆ ತೆಳ್ಳನೆ ಸೂಜಿ ಇಳಿಸಿ ಕರೆಂಟು ಬಿಟ್ಟರೆ ಅಲ್ಲಿನ ಉಪ್ಪುನೀರು ಕಾಸ್ಟಿಕ್ ಸೋಡಾ ಆಗಿ ಬೇರನ್ನು ಕೊಲ್ಲುತ್ತದೆ. ಇದೇ ಎಲೆಕ್ಟ್ರಾಲಿಸಿಸ್. ಬಿಳಿ ಕೂದಲಿಗೂ ನಡೆಯುತ್ತದೆ. ಒಂದೊಂದೇ ಕೂದಲು ತೆಗೆಯಬೇಕಾದ್ದರಿಂದ ಸಮಯ ಬೇಡುತ್ತದೆ.

ಕೂದಲು ತೆಗೆಯುವ ಇನ್ನೊಂದು ಯಂತ್ರ ಲೇಸರ್. ಅದು ಹುಡುಕುವುದು ಕೂದಲಿನ ಕಪ್ಪು ಬಣ್ಣವನ್ನು. ಬಣ್ಣ ಬೆಳಕನ್ನು ಹೀರಿ ಕಾಯುತ್ತದೆ, ಬೇರು ಬೇಯುತ್ತದೆ. ನಮ್ಮ ಚರ್ಮದಲ್ಲೂ ಅದೇ ಬಣ್ಣ ಇರುವುದರಿಂದ ಯಂತ್ರದ ಆಯ್ಕೆ ತಪ್ಪಿದರೆ ಸುಟ್ಟ ಕಲೆ ಉಳಿದೀತು. ಕಪ್ಪು ಮೈಬಣ್ಣಕ್ಕೆ ಚರ್ಮದ ಬಣ್ಣ ಕಡಿಮೆ ಹೀರುವ 1064 ನ್ಯಾನೊಮೀಟರಿನ ಎನ್‌ಡಿ-ಯಾಗ್ ಲೇಸರ್ ಹೆಚ್ಚು ಸುರಕ್ಷಿತ. ಮನೆಗೆ ತರುವ, ಬೆಳಕಿನಿಂದಲೇ ಕೂದಲು ತೆಗೆಯುವ ಐಪಿಎಲ್ ಯಂತ್ರಗಳ ಡಬ್ಬಿಯ ಮೇಲೆ ಮೈಬಣ್ಣದ ಪಟ್ಟಿ ಇರುವುದು ಇದಕ್ಕೇ; ಕೊಳ್ಳುವ ಮೊದಲು ನೋಡಿ.

ಲೇಸರ್‌ಗೆ ಹೋಗುವ ಮೊದಲು ಶೇವ್ ಮಾಡಬಹುದು. ವ್ಯಾಕ್ಸಿಂಗ್, ಥ್ರೆಡ್ಡಿಂಗ್ ಬೇಡ. ಬೇರೇ ಕಿತ್ತುಬಂದರೆ ಬೆಳಕಿಗೆ ಗುರಿಯೇ ಇರುವುದಿಲ್ಲ. ಬೆಳೆಯುವ ಹಂತದ ಕೂದಲು ಮಾತ್ರ ಸಾಯುವುದರಿಂದ ನಾಲ್ಕರಿಂದ ಎಂಟು ವಾರಗಳ ಅಂತರದಲ್ಲಿ ಹಲವು ಸಲ ಹೋಗಬೇಕಾಗುತ್ತದೆ.

ಕಂಕುಳಿನಲ್ಲಿ ಮಾತ್ರ ಎರಡೂ ಕೆಲಸ ಒಂದೇ ಯಂತ್ರದಿಂದ ಸಾಧ್ಯ. ಮಿರಾಡ್ರೈ ಯಂತ್ರ ಮೈಕ್ರೋವೇವ್ ಶಾಖದಿಂದ ಬೆವರುಗ್ರಂಥಿಯನ್ನೂ ಕೂದಲಿನ ಬೇರನ್ನೂ ನಾಶಮಾಡುತ್ತದೆ. ಹೋದ ಗ್ರಂಥಿ ಮತ್ತೆ ಹುಟ್ಟದು. ಅಂಗೈಗೆ ಇದನ್ನು ಬಳಸುವುದಿಲ್ಲ.

ಯಾವ ಯಂತ್ರಕ್ಕೂ ದುಡ್ಡು ಕಟ್ಟುವ ಮೊದಲು ಒಮ್ಮೆ ವೈದ್ಯರನ್ನು ಕಾಣಿ. ಇದ್ದಕ್ಕಿದ್ದಂತೆ ಮೈಯೆಲ್ಲ ಬೆವರುವುದಕ್ಕೆ ಥೈರಾಯ್ಡ್, ರಾತ್ರಿ ಬೆವರಿಗೆ ಕ್ಷಯ ಕಾರಣವಿರಬಹುದು. ಗಲ್ಲದ ಕೂದಲಿನ ಜೊತೆ ಮುಟ್ಟೂ ಏರುಪೇರಾಗಿದ್ದರೆ ಪಿಸಿಒಎಸ್ ಎಂಬ ಹಾರ್ಮೋನು ತೊಂದರೆ ಇರಬಹುದು. ಒಳಗಿನ ಕಾರಣಕ್ಕೆ ಮದ್ದಾಗದೆ ಲೇಸರ್ ಪ್ಯಾಕೇಜ್ ಕೊಂಡರೆ ಕೂದಲು ಹೊಸದಾಗಿ ಬರುತ್ತಲೇ ಇರುತ್ತದೆ.