ಹುಳುಮನೆಯ ಛಾವಣಿ

ಮಂಡಿಕಲ್ಲಿನ ಕಡೆಯ ಹಳೆಯ ಮನೆಗಳಿಗೆ ಕಲ್ಲುಚಪ್ಪಡಿಯ ಹೊದಿಕೆ ಹೊಸತಲ್ಲ. ನಮ್ಮ ಮನೆಗೂ ಅದೇ. ಕಲ್ಲು ಬಾಳುತ್ತದೆ, ನಿಜ. ಆದರೆ ಹಗಲೆಲ್ಲ ಕುಡಿದ ಬಿಸಿಲನ್ನು ನಡುರಾತ್ರಿಯವರೆಗೂ ಒಳಕ್ಕೆ ಕಕ್ಕುತ್ತದೆ. ಮನುಷ್ಯ ಅಂಗಳದಲ್ಲಿ ಚಾಪೆ ಹಾಸಿಕೊಂಡಾನು. ತಟ್ಟೆಯ ಮೇಲಿನ ರೇಷ್ಮೆಹುಳು ಎಲ್ಲಿಗೆ ಹೋದೀತು?

ಹುಳುವಿಗೆ ತನ್ನದೆಂಬ ಮೈಕಾವಿಲ್ಲ. ಕೋಣೆಯ ಕಾವೇ ಅದರ ಕಾವು. ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ ಸೆಲ್ಸಿಯಸ್ ಬೇಕು. ನಾಲ್ಕನೆಯ ಜ್ವರ ಕಳೆದ ಮೇಲೆ 24ರ ಆಸುಪಾಸು ಹಿತ. ಸೆಕೆ ಮೀರಿದರೆ ಹುಳು ಸೊರಗಿ, ಗೂಡು ತೆಳುವಾಗಿ, ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ತಿಂಗಳ ದುಡಿಮೆಯ ಬೆಲೆ ಇಳಿಯುತ್ತದೆ.

ಹಾಗಾದರೆ ಏನನ್ನು ಹೊದಿಸಬೇಕು? ಕಾವನ್ನು ತಡೆಯುವುದು ವಸ್ತುವಿನ ತೂಕವಲ್ಲ, ಅದರೊಳಗೆ ಅಲುಗದೆ ನಿಂತ ಗಾಳಿ. ಹುಲ್ಲುಕಡ್ಡಿಯ ಟೊಳ್ಳಿನಲ್ಲೂ ಕಡ್ಡಿಕಡ್ಡಿಗಳ ನಡುವೆಯೂ ಅದಿದೆ. ಆದುದರಿಂದಲೇ ಗೇಣುದಪ್ಪದ ಒಣಹುಲ್ಲು ಚಪ್ಪಡಿಯನ್ನು ಸೋಲಿಸುತ್ತದೆ. ನೆನೆದರೆ ಆ ಗುಣ ಹೋಯಿತು. ಬೆಂಕಿಯ ಭಯ ಬೇರೆ. ಹಂಚಿನ ಕೆಳಗೆ ತಟ್ಟಿ ಕಟ್ಟಿ, ನಡುವೆ ಗಾಳಿಗೆ ಎಡೆ ಬಿಡುವುದು ನನಗೆ ಮೆಚ್ಚು. ಕಲ್ನಾರಿನ ತಗಡು ಅಗ್ಗವೆಂದು ಹಲವರು ತಂದರು. ಅದು ಬೇಗ ಕಾಯುತ್ತದೆ, ಮುರಿದರೆ ಅದರ ಧೂಳು ಶ್ವಾಸಕೋಶಕ್ಕೆ ಕೇಡು.

ಬೇಸಿಗೆಯಲ್ಲಿ ಕಿಟಕಿಗೆ ಒದ್ದೆ ಗೋಣಿ ತೂಗಿಬಿಡುವುದುಂಟು. ಹಣ್ಣಾದ ಹುಳು ಚಂದ್ರಿಕೆ ಹತ್ತಿದ ಮೇಲೆ ಅದನ್ನು ತೆಗೆಯಬೇಕು. ಗೂಡು ಕಟ್ಟುವಾಗ ತೇವ ಸಲ್ಲದು.

ಚಳಿಗೆ ಇದ್ದಿಲೊಲೆ. ಒಂದು ಧನುರ್ಮಾಸದಲ್ಲಿ, ಕಾವು ಸೋರದಿರಲೆಂದು ಕಿಟಕಿಯ ಸಂದಿಗೆಲ್ಲ ಬಟ್ಟೆ ತುರುಕಿ ಒಲೆ ಇಟ್ಟಿದ್ದೆವು. ಬೆಳಗಿನ ಜಾವ ಸೊಪ್ಪು ಹಾಕಲು ಹೋದ ನಮ್ಮಮ್ಮ ತಲೆಸುತ್ತಿ ತಟ್ಟೆಗಳ ನಡುವೆ ಕುಸಿದರು. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ಅಂದಿನಿಂದ ನಮ್ಮ ಹುಳುಮನೆಯ ಸೂರಿನಡಿಯ ಎರಡು ಗವಾಕ್ಷಿಗಳು ಎಂಥ ಚಳಿಯಲ್ಲೂ ತೆರೆದೇ ಇರುತ್ತವೆ.