ಬಿತ್ತನೆ ಬೀಜದ ವ್ಯಾಜ್ಯಗಳೂ ಮಧ್ಯಸ್ಥರ ಪಂಚಾಯಿತಿಯೂ

ಹಣ ಕೊಟ್ಟು ತಂದ ಬೀಜವು ಮೊಳೆಯದೆ ಹೋದರೆ ರೈತನಿಗೆ ನಷ್ಟವಾಗುವುದು ಬೀಜದ ಬೆಲೆ ಮಾತ್ರವಲ್ಲ. ಉಳುಮೆ, ಗೊಬ್ಬರ, ಕೂಲಿಗಳ ವೆಚ್ಚವೂ, ಎಲ್ಲಕ್ಕಿಂತ ಮಿಗಿಲಾಗಿ ಬಿತ್ತನೆಯ ಹದವೂ ಕೈತಪ್ಪಿಹೋಗುವುವು. ಇಂತಹ ನಷ್ಟಕ್ಕೆ ಮಾರಾಟಗಾರರಿಂದ ಪರಿಹಾರ ಪಡೆಯಲು ಮುಖ್ಯವಾಗಿ ಎರಡು ಮಾರ್ಗಗಳುಂಟು: ಮಧ್ಯಸ್ಥರ ಪಂಚಾಯಿತಿ ಮತ್ತು ಜಿಲ್ಲಾ ಗ್ರಾಹಕರ ಆಯೋಗ. ಒಂದನ್ನು ಹಿಡಿದವರಿಗೆ ಮತ್ತೊಂದು ತಪ್ಪಿಹೋಗುವ ಸಂಭವವಿರುವುದರಿಂದ, ಇವುಗಳ ಭೇದವನ್ನು ಮೊದಲೇ ತಿಳಿದಿರುವುದು ಅವಶ್ಯಕ.

ಮಧ್ಯಸ್ಥರ ಪಂಚಾಯಿತಿ ಎಂದರೇನು?

ಊರಿನ ಹಿರಿಯರು ಕಟ್ಟೆಯ ಮೇಲೆ ಕುಳಿತು ಹೇಳುವ ರಾಜಿಯ ಮಾತು ಬೇರೆ. 1996ನೆಯ ಇಸವಿಯ ಮಧ್ಯಸ್ಥಿಕೆ ಕಾನೂನಿನ ಮೇರೆಗೆ ಆಗುವ ತೀರ್ಪು ಬೇರೆ. ಎರಡನೆಯದಕ್ಕೆ ಉಭಯ ಪಕ್ಷದವರ ಲಿಖಿತ ಒಪ್ಪಿಗೆ ಇರತಕ್ಕದ್ದು. ಮಧ್ಯಸ್ಥರ ಸಂಖ್ಯೆಯು ಒಂದು, ಮೂರು ಹೀಗೆ ಬೆಸವಾಗಿರಬೇಕು. ತೀರ್ಪು ಬರಹದಲ್ಲಿದ್ದು, ಅದಕ್ಕೆ ಮಧ್ಯಸ್ಥರ ರುಜು ಆಗಿರಬೇಕು. ಅಂತಹ ತೀರ್ಪು ಸಿವಿಲ್ ನ್ಯಾಯಾಲಯದ ಡಿಕ್ರಿಯಂತೆಯೇ ಜಾರಿಗೆ ಬರುವುದು. ಅದನ್ನು ರದ್ದುಪಡಿಸಬೇಕೆಂದು ಕೋರುವವರು ಸಾಮಾನ್ಯವಾಗಿ ಮೂರು ತಿಂಗಳೊಳಗೆ ನ್ಯಾಯಾಲಯಕ್ಕೆ ಹೋಗಬೇಕು; ಅದಕ್ಕೆ ಇರುವ ಕಾರಣಗಳೂ ಕೆಲವೇ.

ಕರಾರಿನಲ್ಲಿ ಷರತ್ತಿದ್ದರೆ ಗತಿಯೇನು?

ವ್ಯಾಜ್ಯ ಬಂದರೆ ಮಧ್ಯಸ್ಥರ ಮುಂದೆಯೇ ಹೋಗಬೇಕೆಂಬ ಷರತ್ತು ಕೆಲವು ಕರಾರುಗಳಲ್ಲಿ ಅಚ್ಚಾಗಿರುವುದು. ಇದನ್ನು ಕಂಡು ರೈತರು ಎದೆಗುಂದಬೇಕಾಗಿಲ್ಲ. ಆಗಿನ ಆಂಧ್ರಪ್ರದೇಶದ ರೈತರು ದೋಷವುಳ್ಳ ಬೀಜದಿಂದ ಬೆಳೆ ಕೆಟ್ಟಿತೆಂದು ರಾಷ್ಟ್ರೀಯ ಬೀಜ ನಿಗಮದ ಮೇಲೆ ಗ್ರಾಹಕರ ವೇದಿಕೆಗಳಲ್ಲಿ ದೂರು ಕೊಟ್ಟಾಗ, ಈ ಷರತ್ತನ್ನು ಅವರಿಗೆ ಅಡ್ಡ ಹಿಡಿಯಲಾಯಿತು. 2012ರಲ್ಲಿ ಸುಪ್ರೀಂ ಕೋರ್ಟು ಆ ಆಕ್ಷೇಪಣೆಯನ್ನು ತಳ್ಳಿಹಾಕಿ, ರೈತರೂ ಗ್ರಾಹಕರೇ ಎಂದೂ, ಯಾವ ಮಾರ್ಗವನ್ನು ಹಿಡಿಯಬೇಕೆಂಬುದು ರೈತನ ಇಚ್ಛೆಗೆ ಸೇರಿದುದೆಂದೂ ತೀರ್ಮಾನಿಸಿತು. ಆದರೆ ಒಮ್ಮೆ ಮಧ್ಯಸ್ಥಿಕೆಯನ್ನು ಆರಿಸಿಕೊಂಡವನು ಅನಂತರ ಗ್ರಾಹಕರ ದೂರನ್ನು ತರಲಾಗದೆಂದು ಹೇಳಬಹುದೆಂಬ ಎಚ್ಚರಿಕೆಯೂ ಅದೇ ತೀರ್ಪಿನಲ್ಲಿದೆ.

ಯಾವುದನ್ನು ಆರಿಸಿಕೊಳ್ಳಬೇಕು?

ಗ್ರಾಹಕರ ಆಯೋಗಕ್ಕೆ ರೈತನು ತಾನು ವಾಸವಾಗಿರುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. 50 ಲಕ್ಷದವರೆಗಿನ ಖರೀದಿಗಳು ಜಿಲ್ಲಾ ಆಯೋಗಕ್ಕೆ ಸೇರಿದುವು. ದೂರಿಗೆ ಕಾರಣ ಒದಗಿದಂದಿನಿಂದ 2 ವರ್ಷಗಳ ವಾಯಿದೆಯುಂಟು. ಮಧ್ಯಸ್ಥಿಕೆಯಲ್ಲಾದರೋ ಮಧ್ಯಸ್ಥರ ಫೀಜನ್ನು ಸಾಮಾನ್ಯವಾಗಿ ಪಕ್ಷಗಾರರೇ ಹೊರಬೇಕಾಗುವುದು. ಆದ್ದರಿಂದ ಅಲ್ಪ ಮೊತ್ತದ ವ್ಯಾಜ್ಯಗಳಿಗೆ ಆಯೋಗವೇ ಅನುಕೂಲ. ಇಬ್ಬರಿಗೂ ನಂಬಿಕೆಯುಳ್ಳ, ಬೇಸಾಯವನ್ನು ಬಲ್ಲ ಮಧ್ಯಸ್ಥರು ದೊರೆತು, ವೆಚ್ಚವೂ ಮೊದಲೇ ಗೊತ್ತಾಗಿದ್ದರೆ ಮಾತ್ರ ಪಂಚಾಯಿತಿಯು ಲೇಸು.

ರೈತರು ನಡೆಸತಕ್ಕ ಕ್ರಮ

1. ರಸೀದಿ, ಬೀಜದ ಚೀಲ ಮತ್ತು ಅದರ ಚೀಟಿಯನ್ನು ಪೈರು ಕೊಯ್ಲಾಗುವವರೆಗೆ ಜೋಪಾನ ಮಾಡತಕ್ಕದ್ದು.

2. ಮೊಳಕೆ ಸರಿಯಾಗಿ ಬಾರದಿದ್ದರೆ ಹೊಲವನ್ನು ಉತ್ತು ಅಳಿಸುವುದಕ್ಕೆ ಮುಂಚೆಯೇ ಮಾರಿದವರಿಗೂ ರೈತ ಸಂಪರ್ಕ ಕೇಂದ್ರಕ್ಕೂ ಬರಹದ ಮೂಲಕ ತಿಳಿಸಬೇಕು.

3. ಕೃಷಿ ಅಧಿಕಾರಿಗಳಿಂದ ಹೊಲದ ತನಿಖೆ ಮಾಡಿಸಿ ವರದಿಯ ನಕಲನ್ನು ಪಡೆಯಬೇಕು. ಮೇಲೆ ಹೇಳಿದ ಮೊಕದ್ದಮೆಯಲ್ಲಿ ಇಂತಹ ವರದಿಯೇ ರೈತರಿಗೆ ಆಧಾರವಾಯಿತು.

4. ಯಾವ ಒಪ್ಪಂದಕ್ಕೂ ಪೂರ್ತಿಯಾಗಿ ಓದದೆ, ಇಲ್ಲವೆ ಓದಿಸಿ ಕೇಳದೆ, ರುಜು ಹಾಕಬಾರದು.

ಗ್ರಾಮದ ಮುಖಂಡರು ಬೀಜ ಮಾರಿದವರೊಡನೆ ತಮಗೆ ಲೇವಾದೇವಿ ಇದ್ದಲ್ಲಿ ಮಧ್ಯಸ್ಥರಾಗಿ ಕೂರತಕ್ಕದ್ದಲ್ಲ. ರಾಜಿಯ ಕಾಗದಕ್ಕೆ ರೈತನ ರುಜು ಬೀಳುವ ಮೊದಲು, ಅದರಿಂದ ಅವನಿಗೆ ದೊರೆಯುವುದೇನು, ತಪ್ಪಿಹೋಗುವುದೇನು ಎಂಬುದನ್ನು ಅವನಿಗೆ ವಿಶದವಾಗಿ ತಿಳಿಸುವುದು ಅವರ ಕರ್ತವ್ಯ.