ಬೀಜದ ಕುದುರೆ ಬಿಟ್ಟಿ, ಮರಿ ಯಾರಿಗೆ?

(ಇದು ಈ ವಾರದ ಸಂಚಿಕೆಯ ಬರಹ ರೂಪ. ಇಯರ್‌ಫೋನ್ ಹಾಕ್ಕೊಂಡು ಕೇಳೋಕೆ ಆಗದವರು ಇಲ್ಲೇ ಓದಬಹುದು. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.)

ಚಾಮರಾಜನಗರ, ಗುಂಡ್ಲುಪೇಟೆ ಕಡೆಯಿಂದ ಕೇಳ್ತಿರೋರಿಗೆ ಒಂದು ಪ್ರಶ್ನೆ. ನಿಮ್ಮ ಹೊಲದಲ್ಲಿ ಬೆಳೆಯೋ ಹುರುಳಿಗೆ ಇಂಗ್ಲಿಷಿನಲ್ಲಿ ಏನಂತಾರೆ? ಹಾರ್ಸ್ ಗ್ರಾಮ್. ಅಂದ್ರೆ ಕುದುರೆ ಕಾಳು. ನಮಗೆ ಹುರುಳಿ ಅಂದ್ರೆ ಬಸ್ಸಾರು, ಮೊಳಕೆ ಕಟ್ಟಿದ ಸಾರು. ಈ ದೇಶಕ್ಕೆ ಬಂದ ಇಂಗ್ಲಿಷರು ಅದನ್ನ ನೋಡಿದ್ದು ಕುದುರೆ ಲಾಯದಲ್ಲಿ. ಬೇಯಿಸಿದ ಹುರುಳಿ ದಕ್ಷಿಣದ ಸೈನ್ಯಗಳ ಕುದುರೆಗಳ ದಿನದ ಊಟ ಆಗಿತ್ತು. ಹೆಸರು ಹಾಗೇ ಅಂಟಿಕೊಳ್ತು.

ಹುರುಳಿ ಇವತ್ತೂ ನಮ್ಮ ಹೊಲದಲ್ಲಿದೆ. ಹಳ್ಳಿಕಾರ್ ಎತ್ತು ಇನ್ನೂ ಕೊಟ್ಟಿಗೆಯಲ್ಲಿ ಕಾಣುತ್ತೆ. ಆದ್ರೆ ರೈತರ ಮನೆ ಮುಂದೆ ಕುದುರೆ ಕಟ್ಟಿರೋದು ಅಪರೂಪ. ಬ್ರಿಟಿಷರ ಕಾಲದಲ್ಲಿ ಸರ್ಕಾರವೇ ದುಬಾರಿ ಬೀಜದ ಕುದುರೆಗಳನ್ನ ತಂದು, ‘ನಿಮ್ಮ ಹೆಣ್ಣು ಕುದುರೆ ಕರ್ಕೊಂಡು ಬನ್ನಿ, ದುಡ್ಡು ಬೇಡ’ ಅಂತ ಹೇಳಿದ ಸ್ಕೀಮು ಈ ದೇಶದಲ್ಲಿ ನಡೆದಿತ್ತು. ಬಿಟ್ಟಿ ಕೊಟ್ರೂ ರೈತರು ಮುಗಿಬೀಳಲಿಲ್ಲ. ಯಾಕೆ? ಇವತ್ತಿನ ಸಂಚಿಕೆ ಅದರ ಬಗ್ಗೆ.

ಮೊದಲು, ಥರೋಬ್ರೆಡ್ ಅಂದ್ರೇನು?

ರೇಸ್ ಕೋರ್ಸಿನಲ್ಲಿ ಓಡೋ ಕುದುರೆ ಅಂದ್ರೆ ಸಾಮಾನ್ಯವಾಗಿ ಥರೋಬ್ರೆಡ್. ಇದು ಇಂಗ್ಲೆಂಡಿನಲ್ಲಿ ರೂಪುಗೊಂಡ ತಳಿ. ಆದ್ರೆ ಅದರ ಮೂಲಪುರುಷರು ಇಂಗ್ಲೆಂಡಿನವಲ್ಲ. ಇವತ್ತಿನ ಎಲ್ಲ ಥರೋಬ್ರೆಡ್‌ಗಳ ಗಂಡು ಸಂತಾನದ ಸಾಲು ಮೂರೇ ಮೂರು ಕುದುರೆಗಳಿಗೆ ಹೋಗಿ ನಿಲ್ಲುತ್ತೆ: ಬೈರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್. ಹೆಸರಲ್ಲೇ ಗೊತ್ತಾಗುತ್ತೆ, ಪಶ್ಚಿಮ ಏಷ್ಯಾ ಕಡೆಯಿಂದ ಹೋದ ಕುದುರೆಗಳು ಇವು.

1791ರಲ್ಲಿ ಇಂಗ್ಲೆಂಡಿನಲ್ಲಿ ಜನರಲ್ ಸ್ಟಡ್ ಬುಕ್ ಬಂತು. ಕುದುರೆಗಳ ವಂಶಾವಳಿ ಪುಸ್ತಕ ಅಂತಿಟ್ಕೊಳ್ಳಿ. ಅಪ್ಪ ಯಾರು, ಅಮ್ಮ ಯಾರು ಅನ್ನೋದು ಬುಕ್ಕಿನಲ್ಲಿ ಇದ್ರೆ ಥರೋಬ್ರೆಡ್. ಇಲ್ಲಾಂದ್ರೆ ಎಷ್ಟೇ ಜೋರಾಗಿ ಓಡಿದ್ರೂ ಅಲ್ಲ.

ಇನ್ನೊಂದು ವಿಷಯ ಹೈನುಗಾರಿಕೆ ಮನೆಯವರಿಗೆ ವಿಚಿತ್ರ ಅನ್ನಿಸಬಹುದು. ಹಸು ಬೆದೆಗೆ ಬಂದ್ರೆ ನಾವು ಡಾಕ್ಟರನ್ನ ಕರೆಸಿ ಇಂಜೆಕ್ಷನ್ ಮಾಡಿಸ್ತೀವಿ. ಥರೋಬ್ರೆಡ್‌ನಲ್ಲಿ ಇವತ್ತಿಗೂ ಕೃತಕ ಗರ್ಭಧಾರಣೆಗೆ ಅವಕಾಶ ಇಲ್ಲ. ಗಂಡು, ಹೆಣ್ಣು ಒಂದೇ ಜಾಗಕ್ಕೆ ಬರಲೇಬೇಕು. ಹಾಗೆ ಹುಟ್ಟದ ಮರಿಯನ್ನ ಸ್ಟಡ್ ಬುಕ್ಕು ಒಪ್ಪಲ್ಲ. ಅದಕ್ಕೇ ಒಳ್ಳೆ ಸ್ಟಾಲಿಯನ್ ಇಟ್ಕೊಂಡೋರು ‘ಈ ವರ್ಷ ನಮ್ಮಲ್ಲಿ ಇಂಥ ಕುದುರೆ ಇದೆ, ಅದರ ತಂದೆ ಇಂಥದ್ದು, ಒಂದು ಸಲಕ್ಕೆ ಇಷ್ಟು ಫೀಸು’ ಅಂತ ತಿಳಿಸೋ ಪದ್ಧತಿ ಬೆಳೀತು. ಸ್ಟಡ್ ಫೀ ಅನ್ನೋದು ಇದನ್ನೇ.

ನಮ್ಮ ಕಡೆ ಕುದುರೆ ಎಲ್ಲಿಂದ ಬರ್ತಿತ್ತು?

ದಕ್ಷಿಣದ ರಾಜರಿಗೆ ಕುದುರೆ ಯಾವಾಗಲೂ ಹೊರಗಿನ ಮಾಲು. ವಿಜಯನಗರದ ಕಾಲದಲ್ಲಿ ಅರಬ್ಬಿ ಸಮುದ್ರ ದಾಟಿ ಭಟ್ಕಳ, ಗೋವಾ ಬಂದರುಗಳಿಗೆ ಕುದುರೆ ಬಂದು ಇಳೀತಿದ್ವು. ಹಳ್ಳಿಯಲ್ಲಿದ್ದದ್ದು ತಟ್ಟು. ಗಿಡ್ಡನೆ, ಗಟ್ಟಿ ಜೀವ, ಸಿಕ್ಕಿದ್ದು ತಿಂದು ಹೊರೆ ಹೊರ್ತಿತ್ತು. ಯುದ್ಧಕ್ಕೆ ಮಾತ್ರ ಅದು ಸಾಲ್ತಿರಲಿಲ್ಲ.

ಯುದ್ಧಕ್ಕೆ ಕುದುರೆ ಎಷ್ಟು ಮುಖ್ಯ ಅನ್ನೋದಕ್ಕೆ ಚಾಮರಾಜನಗರದ ಪಕ್ಕದಲ್ಲೇ ಒಂದು ಉದಾಹರಣೆ ಇದೆ. ಆಗ ಊರಿನ ಹೆಸರು ಅರಿಕುಠಾರ. ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಹುಟ್ಟಿದ ಊರು ಅಂತ 1818ರಲ್ಲಿ ಚಾಮರಾಜನಗರ ಅಂತ ಹೆಸರಿಟ್ಟಿದ್ದು. ಅದಕ್ಕೂ ಮುಂಚೆ, 1790ರ ಸೆಪ್ಟೆಂಬರಿನಲ್ಲಿ ಟಿಪ್ಪು ಸುಲ್ತಾನ್ ಸೈನ್ಯ ಇದೇ ಸೀಮೆಯ ಆಚೆಗಿರೋ ಗಜಲಹಟ್ಟಿ ಕಣಿವೆ ಇಳಿದು, ಸತ್ಯಮಂಗಲದ ಹತ್ರ ಕರ್ನಲ್ ಫ್ಲಾಯ್ಡ್‌ನ ಪಡೆ ಮೇಲೆ ಬಿತ್ತು. ಮೈಸೂರಿನ ಕುದುರೆ ಸವಾರರ ವೇಗಕ್ಕೆ ಕಂಪನಿಯವರು ಹೆದರ್ತಿದ್ದ ಕಾಲ ಅದು.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೂ ಕುದುರೆ ವ್ಯಾಪಾರ ನಿಲ್ಲಲಿಲ್ಲ. 1824ರಲ್ಲಿ ಶಿರಾಜ್‌ನಿಂದ ಆಗಾ ಅಲಿ ಅಸ್ಕರ್ ಅನ್ನೋ ಹದಿನಾರರ ಹುಡುಗ ಕುದುರೆಗಳ ಹಿಂಡಿನ ಜೊತೆ ಬೆಂಗಳೂರಿಗೆ ಬಂದ. ಮುಂದೆ ಕಮಿಷನರ್ ಮಾರ್ಕ್ ಕಬ್ಬನ್‌ಗೂ ಅರಮನೆಗೂ ಬೇಕಾದ ವ್ಯಾಪಾರಿ ಆದ್ರು. ಬೆಂಗಳೂರಿನ ಅಲಿ ಅಸ್ಕರ್ ರಸ್ತೆ ಅವರ ಹೆಸರಿನದ್ದೇ. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗ.

ಕುಣಿಗಲ್: ಕುದುರೆ ಹುಟ್ಟಿಸೋ ಊರು

ಎಷ್ಟು ದಿನ ಅಂತ ಹೊರಗಿಂದ ಕೊಳ್ಳೋದು? ಇಲ್ಲೇ ಹುಟ್ಟಿಸಬೇಕು ಅಂದಾಗ ಬರೋ ಹೆಸರು ಕುಣಿಗಲ್. ಈಗಿನ ತುಮಕೂರು ಜಿಲ್ಲೆಯ ಈ ಕುದುರೆ ಫಾರಂ ಟಿಪ್ಪು ಕಾಲದ್ದು ಅನ್ನೋದು ಪ್ರಸಿದ್ಧ. 400 ಎಕರೆಗೂ ಹೆಚ್ಚಿನ ಜಾಗ. ಟಿಪ್ಪು ಆದ ಮೇಲೆ ಕಂಪನಿ ಕೈಗೆ ಹೋಗಿ, ಆಮೇಲೆ ಮೈಸೂರು ಸರ್ಕಾರಕ್ಕೆ ಬಂತು.

ಅಲ್ಲಿ ಹುಟ್ಟಿದ ಕುದುರೆಗಳು ಯಾರಿಗೆ? ಮೈಸೂರಿನ ಸಿಲ್ಹೇದಾರ್ ಸವಾರರಿಗೆ. ಸಿಲ್ಹೇದಾರ್ ಅಂದ್ರೆ ತನ್ನದೇ ಕುದುರೆ ಮೇಲೆ ಚಾಕರಿ ಮಾಡೋ ಸವಾರ. ಸಂಬಳ ಸರ್ಕಾರದ್ದು, ಕುದುರೆ ಅವನದ್ದು. ಈಗಿನ ಡೆಲಿವರಿ ಹುಡುಗರು ಸ್ವಂತ ಬೈಕ್ ತರೋ ಹಾಗೆ. ಕುದುರೆ ಸತ್ರೆ ಕೆಲಸಕ್ಕೇ ಕುತ್ತು. ಅದಕ್ಕೆ ಒಳ್ಳೆ ಕುದುರೆ ಸಿಗೋ ಜಾಗ ಬೇಕಿತ್ತು. ಆಮೇಲೆ ಮೈಸೂರು ಲ್ಯಾನ್ಸರ್ಸ್ ಕಟ್ಟಿದ್ರು. 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಪಟ್ಟಣ ಗೆದ್ದವರು ಇವರೇ. ದೆಹಲಿಯ ತೀನ್ ಮೂರ್ತಿ ನೋಡಿದ್ರೆ, ಮೂರರಲ್ಲಿ ಒಂದು ಮೂರ್ತಿ ಮೈಸೂರಿನದ್ದು.

ಸರ್ಕಾರದ ಬಿಟ್ಟಿ ಸ್ಟಾಲಿಯನ್

ಈಗ ಮೈಸೂರು ಸಂಸ್ಥಾನದಿಂದ ಸ್ವಲ್ಪ ಹೊರಗೆ ಹೋಗೋಣ. ಸ್ಕೀಮು ದೊಡ್ಡದಾಗಿ ನಡೆದದ್ದು ಬ್ರಿಟಿಷರ ನೇರ ಆಡಳಿತದ ಉತ್ತರ ಭಾರತದಲ್ಲಿ.

ಕಂಪನಿ ಮೊದಲು 1790ರ ದಶಕದಲ್ಲಿ ಬಿಹಾರದ ಪೂಸಾದಲ್ಲಿ ಸ್ಟಡ್ ಮಾಡ್ತು. 1808ರಲ್ಲಿ ಅಲ್ಲಿಗೆ ವಿಲಿಯಂ ಮೂರ್‌ಕ್ರಾಫ್ಟ್ ಅನ್ನೋ ಪಶುವೈದ್ಯ ಬಂದ. ಇಲ್ಲಿನ ಗಂಡು ಕುದುರೆಗಳು ಸಾಲಲ್ಲ ಅಂತ ಒಳ್ಳೆ ತಳಿ ಹುಡುಕ್ಕೊಂಡು ಲಡಾಖ್ ದಾಟಿ ಬುಖಾರಾವರೆಗೂ ಹೋದ. 1825ರಲ್ಲಿ ಅಲ್ಲಿಂದ ವಾಪಸ್ ಬರೋ ದಾರಿಯಲ್ಲೇ ತೀರಿಕೊಂಡ. ಇಷ್ಟೆಲ್ಲ ಆದ್ರೂ ಖರ್ಚಿಗೆ ತಕ್ಕ ಕುದುರೆ ಹುಟ್ಟಲಿಲ್ಲ ಅಂತ 1870ರ ದಶಕದಲ್ಲಿ ಬಂಗಾಳದ ಸ್ಟಡ್‌ಗಳನ್ನ ಮುಚ್ಚಿದ್ರು.

ಆಮೇಲೆ ಬಂದದ್ದು ಹೊಸ ಉಪಾಯ. ಸರ್ಕಾರ ಸ್ಟಾಲಿಯನ್ ಮಾತ್ರ ಇಟ್ಕೊಳ್ಳುತ್ತೆ, ಹೆಣ್ಣು ಕುದುರೆ ರೈತನದ್ದು. ಇಂಗ್ಲೆಂಡಿನ ಥರೋಬ್ರೆಡ್, ಅರಬ್ಬಿ, ನಾರ್ಫೋಕ್ ಟ್ರಾಟರ್ ತಳಿಯ ಗಂಡುಗಳನ್ನ ಜಿಲ್ಲೆಗಳಲ್ಲಿ ನಿಲ್ಲಿಸಿದ್ರು. ಅಧಿಕಾರಿ ಬಂದು ರೈತನ ಹೆಣ್ಣು ಕುದುರೆ ನೋಡ್ತಾನೆ. ಎತ್ತರ, ಮೂಳೆ, ಕಾಲು ಸರಿ ಇದ್ರೆ ಅದಕ್ಕೆ ಬರೆ ಹಾಕಿ ಮುದ್ರೆ ಒತ್ತುತ್ತಾರೆ. ಮುದ್ರೆ ಬಿದ್ದ ಕುದುರೆಗೆ ಸರ್ಕಾರಿ ಸ್ಟಾಲಿಯನ್ ಬಿಟ್ಟಿ. ಹುಟ್ಟಿದ ಮರಿ ಚೆನ್ನಾಗಿ ಬೆಳೆದ್ರೆ ಸೈನ್ಯದ ಕುದುರೆ ಇಲಾಖೆ ಕೊಳ್ಳುತ್ತೆ. ಕೇಳೋಕೆ ಸೂಪರ್ ಅಲ್ವಾ?

ರೈತನ ಲೆಕ್ಕ ಬೇರೆ

ಈಗ ಲೆಕ್ಕ ಹಾಕಿ. ಕುದುರೆ ಗಬ್ಬ ಸುಮಾರು 11 ತಿಂಗಳು. ಮರಿ ಸವಾರಿಗೆ ತಯಾರಾಗೋಕೆ ಇನ್ನೂ ಮೂರು–ನಾಲ್ಕು ವರ್ಷ. ಹತ್ತಿರ ಹತ್ತಿರ ಐದು ವರ್ಷ ಕಾಳು, ಹುಲ್ಲು, ಲಾಳ ಎಲ್ಲ ರೈತನ ಖರ್ಚು. ಅಷ್ಟು ದಿನ ಅದು ಉಳೋಕೂ ಬರಲ್ಲ, ಹಾಲೂ ಕೊಡಲ್ಲ.

ಮಾರೋವಾಗ ಇನ್ನೊಂದು ಕಷ್ಟ. ದೊಡ್ಡ ಕುದುರೆಗೆ ಒಳ್ಳೆ ಬೆಲೆ ಕೊಡೋ ಗಿರಾಕಿ ಅಂದ್ರೆ ಮುಖ್ಯವಾಗಿ ಸೈನ್ಯ. ಕುದುರೆ ಎತ್ತರ ಅಳೆಯೋದು ‘ಹ್ಯಾಂಡ್’ ಲೆಕ್ಕದಲ್ಲಿ. ಒಂದು ಹ್ಯಾಂಡ್ ಅಂದ್ರೆ 4 ಇಂಚು. ಎತ್ತರ ಸ್ವಲ್ಪ ಕಮ್ಮಿ ಆದ್ರೆ, ಕಾಲಿನಲ್ಲಿ ಒಂದು ಗಂಟು ಕಂಡ್ರೆ ಅಧಿಕಾರಿ ಬೇಡ ಅನ್ನಬಹುದು. ಆಗ ಆ ಎತ್ತರದ, ಸೂಕ್ಷ್ಮದ, ಜಾಸ್ತಿ ತಿನ್ನೋ ಪ್ರಾಣಿ ರೈತನ ತಲೆ ಮೇಲೆ. ಅದಕ್ಕಿಂತ ತಟ್ಟು ವಾಸಿ. ಸಂತೆಗೆ ಹೊರೆ ಹೊರುತ್ತೆ, ಜಟಕಾ ಎಳೆಯುತ್ತೆ, ಕಮ್ಮಿ ತಿನ್ನುತ್ತೆ.

ಸೈನ್ಯಕ್ಕೂ ಬೇರೆ ದಾರಿ ಇತ್ತು. ಆಸ್ಟ್ರೇಲಿಯಾದಿಂದ ಹಡಗಿನಲ್ಲಿ ‘ವೇಲರ್’ ಕುದುರೆಗಳು ಬಂದು ಇಳೀತಿದ್ವು. ನ್ಯೂ ಸೌತ್ ವೇಲ್ಸ್‌ನಿಂದ ಬಂದದ್ದಕ್ಕೆ ಆ ಹೆಸರು. ಬೆಲೆ, ಎತ್ತರ, ಸಂಖ್ಯೆ ಎಲ್ಲದರಲ್ಲೂ ಸ್ಥಳೀಯ ರೈತ ಅವುಗಳ ಜೊತೆ ಪೈಪೋಟಿ ಮಾಡಬೇಕಿತ್ತು.

ಬಿಟ್ಟಿ ಸ್ಟಾಲಿಯನ್ ಸಾಕಾಗಲಿಲ್ಲ ಅನ್ನೋದಕ್ಕೆ ಸರ್ಕಾರ ಮುಂದೆ ಮಾಡಿದ್ದೇ ಸಾಕ್ಷಿ. 1900ರ ನಂತರ ಪಂಜಾಬಿನ ಝೇಲಂ ಕಾಲುವೆ ಪ್ರದೇಶದಲ್ಲಿ, ಹೆಣ್ಣು ಕುದುರೆ ಸಾಕಲೇಬೇಕು ಅನ್ನೋ ಷರತ್ತಿನ ಮೇಲೆ ನೀರಾವರಿ ಜಮೀನನ್ನೇ ಹಂಚಿದ್ರು. ‘ಘೋಡಿಪಾಲ್’ ಅಂತ ಅದರ ಹೆಸರು. ಬಿಟ್ಟಿ ಬೀಜಕ್ಕೆ ಬಗ್ಗದ ಲೆಕ್ಕ ಸರಿಹೋಗೋಕೆ ಎಕರೆಗಟ್ಟಲೆ ಜಮೀನು ಬೇಕಾಯ್ತು.

ಹೋರಿ ಗೆದ್ದಿದ್ದು ಹೇಗೆ?

ಇದೇ ಪ್ರಶ್ನೆಯನ್ನ ನಮ್ಮ ಕಡೆ ತಂದು ನೋಡಿ. ಗುಂಡ್ಲುಪೇಟೆ ತಾಲ್ಲೂಕಿನ ಹಂಗಳ ಗೊತ್ತಲ್ಲ? ಪಟ್ಟಕ್ಕೆ ಬರೋಕೆ ಮುಂಚೆ ಚಿಕ್ಕದೇವರಾಜ ಒಡೆಯರು ಅಲ್ಲಿದ್ರು. ಗುಂಡ್ಲುಪೇಟೆಯ ಪರವಾಸುದೇವ ದೇವಸ್ಥಾನ ಅವರು ತಂದೆ ನೆನಪಿಗೆ ಕಟ್ಟಿಸಿದ್ದು. ಅದೇ ಚಿಕ್ಕದೇವರಾಜರು ಅರಮನೆಯ ರಾಸುಗಳಿಗೆ ‘ಬೆಣ್ಣೆ ಚಾವಡಿ’ ಅಂತ ಇಲಾಖೆ ಮಾಡಿದ್ರು. ಟಿಪ್ಪು ಅದಕ್ಕೆ ಅಮೃತ ಮಹಲ್ ಅಂತ ಹೆಸರಿಟ್ಟ. ಆ ಎತ್ತುಗಳು ತೋಪು ಎಳೆದ್ವು. 1799ರ ಮೇಲೆ ಕಂಪನಿಗೂ ಅವೇ ಬೇಕಾದ್ವು.

ಹಾಗಾದ್ರೆ ಎತ್ತೂ ಸೈನ್ಯದ್ದೇ, ಕುದುರೆಯೂ ಸೈನ್ಯದ್ದೇ. ವ್ಯತ್ಯಾಸ ಇರೋದು ಸೈನ್ಯ ಬೇಡ ಅಂದ ಮೇಲೆ. ತೋಪು ಎಳೆಯೋಕೆ ಬೇಡವಾದ ಹೋರಿ ನೇಗಿಲು ಎಳೆಯುತ್ತೆ, ಗಾಡಿ ಎಳೆಯುತ್ತೆ, ಅದರ ಜೊತೆ ಹುಟ್ಟಿದ ಹಸು ಕರು ಹಾಕುತ್ತೆ. ಮಾರಾಟ ಆಗದಿದ್ರೂ ಮನೆಗೆ ನಷ್ಟ ಇಲ್ಲ. ಅದಕ್ಕೇ ಅಮೃತ ಮಹಲ್ ಮತ್ತು ಅದರ ಹತ್ತಿರದ ನೆಂಟ ಹಳ್ಳಿಕಾರ್ ಎರಡೂ ಜನರ ಕೈಯಲ್ಲಿ ಉಳಿದ್ವು. ಥರೋಬ್ರೆಡ್‌ಗೆ ಸೈನ್ಯ ಬಿಟ್ರೆ ಉಳಿದ ಜಾಗ ರೇಸ್ ಕೋರ್ಸು. ಯಂತ್ರ ಬಂದು ಕುದುರೆ ಪಡೆ ಹೋದ ಮೇಲೆ ಅದು ಶ್ರೀಮಂತರ ಲಾಯಕ್ಕೆ ಸೇರ್ತು.

ಕುಣಿಗಲ್‌ಗೂ ಅದೇ ಆಯ್ತು. ಅಲ್ಲಿ ರೇಸು ಕುದುರೆ ತಳಿ ಬೆಳೆಸೋದೇ ಮುಖ್ಯ ಕೆಲಸ ಆಯ್ತು. 1992ರಲ್ಲಿ ಸರ್ಕಾರ ಅದನ್ನ 30 ವರ್ಷಕ್ಕೆ ವಿಜಯ್ ಮಲ್ಯ ಸಮೂಹದ ಕಂಪನಿಗೆ ಲೀಸ್ ಕೊಡ್ತು. 2024ರಲ್ಲಿ ಆ ಜಾಗದಲ್ಲಿ ಟೌನ್‌ಶಿಪ್ ಮಾಡೋ ಪ್ರಸ್ತಾಪ ಬಂದಾಗ, ಹಳೇ ಮರಗಳಿರೋ ಪಾರಂಪರಿಕ ಜಾಗ ಉಳಿಸಿ ಅಂತ ವಿರೋಧವೂ ಬಂತು. ಕಾಳಜಿ ನ್ಯಾಯವಾದದ್ದೇ. ಆದ್ರೆ ಇಷ್ಟು ವರ್ಷದ ಕುದುರೆ ಸಾಕಣೆಯಿಂದ ಊರೂರ ರೈತರ ಮನೆಗೆ ಒಂದು ತಳಿ ಉಳೀತಾ ಅಂತ ಕೇಳಿದ್ರೆ, ಉತ್ತರ ಇಲ್ಲ ಅಂತಲೇ.

ಇವತ್ತಿಗೆ ಇದು ಯಾಕೆ?

ನಮ್ಮ ಜಿಲ್ಲೆ ಈಗ ಹಾಲಿನ ಜಿಲ್ಲೆ. ಬೆಳಿಗ್ಗೆ, ಸಂಜೆ ಡೇರಿ ಮುಂದೆ ಕ್ಯಾನ್ ಸಾಲು ನಿಲ್ಲುತ್ತೆ. ಬೀಜದ ಹೋರಿ ಊರಿಗೆ ಬರಲ್ಲ. ಅದರ ವೀರ್ಯ ಸಾರಜನಕದ ಡಬ್ಬಿಯಲ್ಲಿ ತಣ್ಣಗೆ ಬರುತ್ತೆ. ಎಚ್‌ಎಫ್, ಜರ್ಸಿ, ಈಗ ಹೆಣ್ಣು ಕರುವೇ ಹುಟ್ಟೋ ಸಾಧ್ಯತೆ ಜಾಸ್ತಿ ಇರೋ ವಿಂಗಡಿಸಿದ ವೀರ್ಯ ಕೂಡ ಸಬ್ಸಿಡಿಯಲ್ಲಿ ಸಿಗುತ್ತೆ. ಇದು ಕೆಟ್ಟದ್ದು ಅಂತ ಹೇಳ್ತಿಲ್ಲ. ಎಷ್ಟೋ ಮನೆ ಫೀಸು, ಫೋನ್ ಕಂತು ನಡೀತಿರೋದು ಹಾಲಿನ ದುಡ್ಡಿನಲ್ಲೇ. ಘೋಡಿಪಾಲ್ ರೈತನಿಗೆ ಇಲ್ಲದ ಒಂದು ಅನುಕೂಲ ನಮಗಿದೆ: ಹಾಲು ದಿನಾ ಮಾರಾಟ ಆಗುತ್ತೆ.

ಆದ್ರೂ ಕುದುರೆ ಕಥೆಯಿಂದ ಮೂರು ಪ್ರಶ್ನೆ ತಗೋಬಹುದು. ಒಂದು, ಈ ತಳಿ ಆರಿಸಿದ್ದು ಯಾರ ಅಗತ್ಯಕ್ಕೆ? ಎರಡು, ಹುಟ್ಟಿದ ಕರು ಅಂದುಕೊಂಡ ಹಾಗೆ ಬರದಿದ್ರೆ, ಗಂಡಾದ್ರೆ, ನಮ್ಮ ಬಿಸಿಲು ತಡೀದಿದ್ರೆ, ಖರ್ಚು ಯಾರ ಮೇಲೆ? ಮೂರು, ಕೊಳ್ಳೋರು ನಾಳೆ ಬೇಡ ಅಂದ್ರೆ ಆ ರಾಸು ಮನೆಗೆ ಬೇರೆ ಏನು ಕೆಲಸಕ್ಕೆ ಬರುತ್ತೆ?

ಮುಂದಿನ ಸಲ ನಿಮ್ಮನೆ ಹಸುಗೆ ಇಂಜೆಕ್ಷನ್ ಮಾಡೋಕೆ ಡಾಕ್ಟರ್ ಬಂದಾಗ, ಯಾವ ಹೋರಿದು, ಅದರ ತಾಯಿ ಎಷ್ಟು ಹಾಲು ಕೊಡ್ತಿತ್ತು, ನಮ್ಮ ಮೇವಿಗೆ, ನಮ್ಮ ಬಿಸಿಲಿಗೆ ಹೊಂದುತ್ತಾ ಅಂತ ಕೇಳಿ. ಕೇಳೋದು ನಿಮ್ಮ ಹಕ್ಕು, ಅದಕ್ಕೆ ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ನಿಮ್ಮ ಊರಲ್ಲಿ ಜಟಕಾ, ತಟ್ಟು ಕುದುರೆ ನೋಡಿದ ಅಜ್ಜ, ಅಜ್ಜಿ ಇದ್ರೆ ಅವರ ಮಾತನ್ನ ವಾಯ್ಸ್ ನೋಟ್ ಮಾಡಿ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕ್ತೀವಿ. ಅಲ್ಲೀವರೆಗೂ ನಮಸ್ಕಾರ.